ಬಾಗಿಲಿಗೆ ಬೆನ್ನು

ಕಿರ್ ಅಂತು ಕುರ್ಚಿ, ತಾನಾಗಿಯೇ ಅರ್ಧ ಸುತ್ತು, ಫ್ಯಾನಿನ ಗಾಳಿಗೋ ಏನೋ, ಎಣ್ಣೆ ಬಿಡಬೇಕು, ಆದರೆ ಯಾರಿಗಾಗಿ, ಬೆಳಗಿಂದ ಒಂದು ನರಪಿಳ್ಳೆ ಬಂದಿಲ್ಲ, ಸಂಜೆವರೆಗೆ ನೋಡ್ತೀನಮ್ಮ, ಯಾರೂ ಬರದಿದ್ರೆ ಈ ಕೋಣೆ ಕಂಬಳಿ ಮೂಟೆಗೆ ಬೇಕು, ಅಂದುಹೋಗಿದ್ದಾಳೆ ಶಿಬಿರದ ಮೇಡಂ, ಒಳ್ಳೆಯವಳೇ, ಅವಳನ್ನಂದು ಏನು ಬಂತು, ಮತ್ತೆ ಕತ್ತರಿ ಚೀಲಕ್ಕೆ, ಮತ್ತೆ ಸುಮ್ಮನೆ ಗೋಡೆ ನೋಡ್ತಾ ಕೂರೋದು, ಛೆ, ಊರಲ್ಲಿ ಗುಂಡು ಹಾರೋಕೆ ಮುಂಚೆ ತನ್ನ ಪಾರ್ಲರಿನಲ್ಲಿ ನಿಲ್ಲೋಕೂ ಜಾಗ ಇರ್ತಿರಲಿಲ್ಲ, ಇಲ್ಲಿ ಪುಕ್ಕಟೆ ಅಂದರೂ ಹೆಂಗಸರು ಹೊಸ್ತಿಲವರೆಗೆ ಬಂದು, ಕುರ್ಚಿ ನೋಡಿ, ಆಮೇಲೆ ಬರ್ತೀನಿ ಅಕ್ಕಾ, ಅಂತ ಜಾರಿಕೊಳ್ತಾರೆ — ಕುರ್ಚಿ ಏನು ಕಚ್ಚುತ್ತಾ? ಆ ದೊಡ್ಡಮ್ಮನಂತೂ ಓಡಿಬಂದ ದಿನ ಸುತ್ತಿದ ಶಾಲು ಇನ್ನೂ ಬಿಚ್ಚಿಲ್ಲ, ತಲೆ, ಕಿವಿ, ಕತ್ತು, ಎಲ್ಲ ಮುಚ್ಚಿಕೊಂಡು ಗೋಡೆಗೆ ಆತು ಕೂತಿರ್ತಾಳೆ, ಒಳಗೆ ಕೂದಲು ಗಂಟುಗಟ್ಟಿ ತುರಿಕೆಗೆ ನಿದ್ದೆಯೇ ಇಲ್ಲವಂತೆ, ಬನ್ನಿ ಅಂದರೆ, ಬೇಡ ಮಗಳೇ, ಹಿಂದೆ ನಿಲ್ಲಬೇಡ, ಅಂದಳು, ಹಿಂದೆ ನಿಲ್ಲದೆ ಕೂದಲು ಹೇಗೆ ಕತ್ತರಿಸೋದು — ಹಿಂದೆ ನಿಲ್ಲಬೇಡ — ಅಯ್ಯೋ, ಆವತ್ತು ಸದ್ದು ಬಂದದ್ದೂ ಹಿಂದಿನಿಂದಲೇ, ನೇರ ಕತ್ತಿಗೇ ಬಡಿದ ಹಾಗೆ, ನಿನ್ನೆ ಊಟದ ಕೋಣೆಯಲ್ಲಿ ಗೋಡೆಬದಿಯ ಬೆಂಚಿಗಾಗಿ ತಾನೂ ಕಿತ್ತಾಡಲಿಲ್ವಾ, ಬಾಗಿಲಿಗೆ ಬೆನ್ನು ಹಾಕಿದರೆ ತುತ್ತು ಇಳಿಯಲ್ಲ ಅಂತ, ಎಂಥ ಮಂಕು ಕವಿದಿತ್ತೋ ತನಗೆ, ಹಳೇ ಅಭ್ಯಾಸ, ಮುಖ ಕನ್ನಡಿಗೆ, ಬೆನ್ನು ಬಾಗಿಲಿಗೆ, ಯಾರು ತಾನೇ ಕೂತಾರು!

ಕುರ್ಚಿಯನ್ನು ಬಾಗಿಲಿಗೆ ಮುಖಮಾಡಿ ಎಳೆದಳು, ಬಾಗಿಲು ಹಾರುಹೊಡೆದಳು, ಕೈಗನ್ನಡಿ ಹಿಡಿದು ಓಡಿದಳು, ದೊಡ್ಡಮ್ಮಾ, ಬಾಗಿಲು ನಿಮ್ಮ ಕಣ್ಣೆದುರೇ, ನನ್ನನ್ನು ಇದರಲ್ಲಿ ನೋಡ್ತಿರಿ, ಬೇಡ ಅಂದ ತಕ್ಷಣ ಕೈ ತೆಗೀತೀನಿ — ಬಂದಳು, ಬಂದೇಬಿಟ್ಟಳು, ಶಾಲು ತಾನೇ ಬಿಚ್ಚಿದಳು, ಈಗ ಎಣ್ಣೆ ಹಚ್ತಿದೀನಿ, ಈಗ ಬಾಚಣಿಗೆ, ಈಗ ಕತ್ತರಿ, ಹೇಳ್ತಾ ಹೇಳ್ತಾ ಗಂಟು ಒಂದೊಂದೇ ನೆಲಕ್ಕೆ, ಎಷ್ಟು ಮಾತಾಡ್ತೀಯೇ ವಾಚಾಳಿ, ಮುದುಕಿ ನಕ್ಕಳಾ? ನಕ್ಕಳು, ಹೊಸ್ತಿಲಲ್ಲಿ ಮುತ್ತಿದ ಹೆಂಗಸರೂ ನಕ್ಕರು, ಮುಂದೆ ನಾನು, ಇಲ್ಲ ನಾನು — ಈ ಪುಟಾಣಿ ಕನ್ನಡಿ ಸಾಲದು ಕಣೇ, ದೊಡ್ಡದರಲ್ಲಿ ನೋಡ್ಬೇಕು, ತಿರುಗಿಸು — ಬಾಗಿಲು ಹಿಂದಾಗುತ್ತೆ ದೊಡ್ಡಮ್ಮ — ಗೊತ್ತು, ತಿರುಗಿಸು — ಕಿರ್, ಅರ್ಧ ಸುತ್ತು, ಈಗ ಇಬ್ಬರ ಬೆನ್ನೂ ಬಾಗಿಲಿಗೆ, ತಿರುಗಿ ನೋಡಬೇಕು ಅನ್ನಿಸಬೇಕಿತ್ತು, ಅನ್ನಿಸ್ತಿಲ್ಲ, ಆ ಮೂಟೆ ಬೇರೆಲ್ಲಾದರೂ ಹಾಕ್ರಪ್ಪ, ಹೊರಗೆ ಮೇಡಂ ದನಿ, ಗಾಳಿ ಬರ್ತಿದೆ, ಕಣ್ಣೆದುರು ಆ ಕತ್ತು, ಶಾಲಿಲ್ಲದ ಕತ್ತು, ಬಿಸಿಲು ಕಾಣದೆ ಬಿಳಿಚಿದ, ತೆರೆದ ಬಾಗಿಲಿಗೆ ಬಿಟ್ಟುಕೊಟ್ಟ ಕತ್ತು