ನೀಲಿ ಕುರ್ಚಿ

"ಓರೆ ಮಾಡ್ರೋ, ಗೋಡೆಗೆ ತಾಗುತ್ತೆ!"

ಆಸ್ಪತ್ರೆಯಿಂದ ಮನೆಗೆ ಹೊತ್ತು ತರುತ್ತಿದ್ದ ಹೆಣದ ಸ್ಟ್ರೆಚರ್ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಕಾಲಿನ ಕಡೆ ಹಿಡಿದಿದ್ದ ಸತ್ತವಳ ಗಂಡ ಬೆವರಿ ಹೋಗಿದ್ದ.

"ಬದುಕಿದ್ದಾಗ ಯಾರ ದಾರಿಗೂ ಅಡ್ಡ ಬಂದೋಳಲ್ಲ," ಅಂದಳು ಪಕ್ಕದ ಮನೆಯ ಮುದುಕಿ. "ಈಗ ನೋಡಿ, ಇಡೀ ಬಿಲ್ಡಿಂಗನ್ನೇ ನಿಲ್ಲಿಸಿದ್ದಾಳೆ."

ಯಾರೋ ನಕ್ಕು, ತಕ್ಷಣ ಬಾಯಿಗೆ ಕೈ ಅಡ್ಡ ಹಿಡಿದರು.

ಆಸ್ಪತ್ರೆಯಿಂದ ಬಂದ ಇಬ್ಬರು ಕೆಳಗಿನ ಮೆಟ್ಟಿಲಲ್ಲಿ ಕಾಯುತ್ತಿದ್ದರು: ಮನೋರೋಗ ವಿಭಾಗದ ಮೇಡಂ, ಅವರ ಬಳಿ ಕಲಿಯುತ್ತಿದ್ದ ಸಣ್ಣ ಡಾಕ್ಟರಮ್ಮ. ಸತ್ತವಳು ಅದೇ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಿದ್ದವಳು. ವಾರಕ್ಕೊಂದು ಮಧ್ಯಾಹ್ನ ಒದ್ದೆ ಕೈ ಒರೆಸಿಕೊಂಡು ಕ್ಲಾಸಿಗೆ ಬರುತ್ತಿದ್ದಳು. ಹೊಸ ಡಾಕ್ಟರುಗಳು ರೋಗಿಯನ್ನು ಮಾತಾಡಿಸಲು ಕಲಿಯಲಿ ಅಂತ ರೋಗಿಯಾಗಿ ನಟಿಸುತ್ತಿದ್ದಳು. ಒಮ್ಮೆ ಕುಡುಕನ ಹೆಂಡತಿ, ಒಮ್ಮೆ ಮಗು ಕಳೆದುಕೊಂಡವಳು. ಎಲ್ಲರ ಬಾಯಲ್ಲೂ ಅವಳು ಪೇಷಂಟಕ್ಕ.

"ನಿದ್ದೇಲೇ ಹೋಗ್ಬಿಟ್ಲು," ಅಂದ ಗಂಡ, ಕೇಳದವರಿಗೂ. ಯಾರೂ ನಂಬಲಿಲ್ಲ. ಎಲ್ಲರೂ ತಲೆಯಾಡಿಸಿದರು.

*

ಕ್ಲಾಸಿಗೆ ಒಂದು ಕಟ್ಟಳೆಯಿತ್ತು. ನೀಲಿ ಕುರ್ಚಿಯಲ್ಲಿ ಕೂತಷ್ಟು ಹೊತ್ತು ಅವಳು ರೋಗಿ. ಮೇಡಂ ಚಪ್ಪಾಳೆ ತಟ್ಟಿದರೆ ಆಟ ಮುಗಿಯಿತು. ಪೇಷಂಟಕ್ಕ ಎದ್ದು ಕಿಟಕಿ ಪಕ್ಕದ ಮರದ ಕುರ್ಚಿಗೆ ಹೋಗಬೇಕು, ರಾತ್ರಿ ಅಡುಗೆ ಏನು ಅಂತ ಹೇಳಬೇಕು. ಹಾಗೆ ಹೇಳಿದರೆ ಪಾತ್ರ ಮೈ ಬಿಟ್ಟು ಹೋಗುತ್ತದೆ ಅನ್ನುತ್ತಿದ್ದರು ಮೇಡಂ.

"ನಿನ್ನೇದೇ ಬಿಸಿ ಮಾಡ್ತೀನಿ. ನಮ್ಮನೆಯೋರಿಗೆ ಗೊತ್ತಾಗಲ್ಲ ಬಿಡಿ," ಅನ್ನುತ್ತಿದ್ದಳು, ಕಣ್ಣೀರು ಇನ್ನೂ ಕೆನ್ನೆಯ ಮೇಲಿರುವಾಗಲೇ. ಕ್ಲಾಸು ಗೊಳ್ಳೆನ್ನುತ್ತಿತ್ತು.

ಕೊನೆಯ ಸಲ ಅವಳ ಎದುರು ಕೂತವಳು ಸಣ್ಣ ಡಾಕ್ಟರಮ್ಮ. ಅವತ್ತಿನ ಪಾತ್ರ ನಿದ್ದೆ ಬಾರದ ಟೀಚರದು.

"ಸ್ಕೂಲ್ ಕೆಲಸ ಹೇಗಿದೆ?"

"ಒಗೆದಷ್ಟೂ ಬರ್ತಾನೇ ಇರುತ್ತೆ ಡಾಕ್ಟರಮ್ಮ. ಯಾರ ರಕ್ತಾನೋ, ಯಾರ ವಾಂತೀನೋ. ಸಾಕಾಗಿದೆ. ವಾಚು ಮಗಳಿಗೆ ಕೊಟ್ಬಿಟ್ಟೆ. ಈಗ ಹಗುರ ಆಯ್ತು."

"ಟೀಚರ್ ಯಾವಾಗಿಂದ ಬಟ್ಟೆ ಒಗೀತಾಳೆ?" ಹಿಂದಿನ ಸಾಲಿನವನೊಬ್ಬ ಕಿಸಕ್ಕೆಂದ.

ಮೇಡಂ ಚಪ್ಪಾಳೆ ತಟ್ಟಿದರು. ಅವಳು ಏಳಲಿಲ್ಲ. ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದಳು.

"ನೋಡಿ, ಪಾತ್ರದೊಳಗೆ ಎಷ್ಟು ಇಳಿದಿದ್ದಾರೆ!" ಅಂದರು ಮೇಡಂ.

ಇಡೀ ಕ್ಲಾಸು ಚಪ್ಪಾಳೆ ತಟ್ಟಿತು. ಮನಸ್ಸು ಓದಲು ಕಲಿಯುತ್ತಿದ್ದವರು, ಅಷ್ಟೆಲ್ಲ ಓದಿಕೊಂಡವರು, ಅಂಗೈ ಉರಿಯುವ ಹಾಗೆ ತಟ್ಟಿದರು. ರಾತ್ರಿ ಅಡುಗೆ ಏನು ಅಂತ ಒಬ್ಬ ನಾಲಾಯಕ್ಕೂ ಕೇಳಲಿಲ್ಲ.

*

ಒಳಗೆ ಹೆಣ ಇಳಿಸಿ ಬಿಳಿ ಬಟ್ಟೆ ಹೊದಿಸಿದರು. ಅದೂ ಅವಳೇ ಒಗೆದದ್ದಿರಬೇಕು, ಅಂಚಿನಲ್ಲಿ ಆಸ್ಪತ್ರೆಯ ಮುದ್ರೆಯಿತ್ತು. ಮಗಳು ಗೋಡೆಗೆ ಹೊಂದಿಸಿದ ಕುರ್ಚಿಯಲ್ಲಿ ಕೂತಿದ್ದಳು. ಕಣ್ಣು ಒಣಗಿತ್ತು. ಮುಖದಲ್ಲಿ ಎಲ್ಲ ಕೆಲಸ ಮುಗಿಸಿದವಳ ನೆಮ್ಮದಿ.

ಅವಳು ಕೈಯ ವಾಚು ಬಿಚ್ಚಿ ಮುದುಕಿಯ ಮಡಿಲಿಗೆ ಹಾಕಿದಳು.

"ತಗೊಳ್ಳಿ ಅಜ್ಜಿ. ಮೊಮ್ಮಗಳಿಗೆ ಕೊಡಿ."

"ಅಯ್ಯೋ, ನಿಮ್ಮಮ್ಮಂದು ಕಣೇ!"

"ಇರ್ಲಿ. ನಂಗಿನ್ನು ಬೇಡ. ಈಗ ಹಗುರ ಆಯ್ತು."

ಆ ಮಾತಿಗೆ ಸಣ್ಣ ಡಾಕ್ಟರಮ್ಮ ತಟ್ಟನೆ ಹುಡುಗಿಯ ಕಡೆ ತಿರುಗಿದಳು.

"ಎಷ್ಟು ಗಟ್ಟಿ ಇದ್ದಾಳೆ ನೋಡು, ಪಾಪ," ಮೇಡಂ ಪಿಸುಗುಟ್ಟಿದರು.

"ಗಟ್ಟಿ ಅಲ್ಲ ಮೇಡಂ. ನಾನು ಕೇಳ್ತೀನಿ."

ಮೇಡಂ ಅವಳ ತೋಳು ಹಿಡಿದರು. "ಹುಚ್ಚಾ ನಿಂಗೆ? ಹೆಣ ಎದುರಿಗಿದೆ. ಜನ ಏನಂತಾರೆ?"

"ನೇರವಾಗಿ ಕೇಳ್ಬೇಕು, ಕೇಳಿದ್ದಕ್ಕೆ ಯಾರೂ ಸಾಯಲ್ಲ ಅಂತ ನೀವೇ ಹೇಳ್ಕೊಟ್ಟಿದ್ದು."

"ಅದು ಕ್ಲಾಸು."

"ಅವತ್ತೂ ಕ್ಲಾಸೇ ಅಂದ್ಕೊಂಡ್ವಲ್ಲ ಮೇಡಂ."

ತೋಳಿನ ಮೇಲಿನ ಹಿಡಿತ ಸಡಿಲವಾಯಿತು. ಸಣ್ಣ ಡಾಕ್ಟರಮ್ಮ ಒಂದು ಸ್ಟೂಲು ಎಳೆದು, ಹುಡುಗಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

"ಸಾಯ್ಬೇಕು ಅನ್ನಿಸ್ತಿದ್ಯಾ ನಿಂಗೆ?"

"ಥೂ, ಎಂಥಾ ಮಾತೇ ಇದು!" ಅಂತ ಮುದುಕಿ ಬಾಯಿ ಬಡಿದುಕೊಂಡಳು. ಗಂಡ ಹೆಣದ ಕಡೆಯಿಂದ ತಿರುಗಿ ಮಗಳನ್ನು ನೋಡಿದ, ಆ ದಿನ ಮೊದಲ ಸಲ.

ಕೆಳಗೆ ಸ್ಮಶಾನಕ್ಕೆ ಹೋಗುವ ವ್ಯಾನು ಹಾರ್ನ್ ಹೊಡೆಯಿತು. ಜನ ಎದ್ದರು, ಸ್ಟ್ರೆಚರ್ ಎದ್ದಿತು. ಹುಡುಗಿ ಮಾತ್ರ ಕುರ್ಚಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಸಣ್ಣ ಡಾಕ್ಟರಮ್ಮನೂ ಏಳಲಿಲ್ಲ.

ಹಾರ್ನ್ ಮತ್ತೆ ಹೊಡೆಯಿತು. ಕುರ್ಚಿಯ ಮೇಲೆ ಬೆಳ್ಳಗಾಗಿದ್ದ ಹುಡುಗಿಯ ಬೆರಳುಗಳಲ್ಲಿ ಒಂದು ಹಿಡಿತ ಬಿಟ್ಟಿತು.