ಓದಿ ಹೇಳ್ರಿ

ಫ್ಯಾನಿನ ಗಾಳಿಯೆಲ್ಲ ಆ ವಿಚಾರಣೆ ಸಾಹೇಬರ ಕಡೆಗೇ ಹೋಗುತ್ತಿದೆ, ನನ್ನ ಪಾಲಿಗೆ ಬರುವುದು ಅದರ ಕಿರ್ ಕಿರ್ ಸದ್ದು ಮಾತ್ರ, ಇರಲಿ, ಮೂವತ್ತು ವರ್ಷ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತವಳಿಗೆ ಗಾಳಿಯೇನು, ಸೇಡಂ ಬಿಸಿಲೇನು, ಇವತ್ತು ಕುರ್ಚಿ ಕೊಟ್ಟಿದ್ದಾರೆ, ಕುಂದ್ರಿ ಹಣಮಮ್ಮ ಅಂದಿದ್ದಾರೆ, ಅಟೆಂಡರಿಗೆ ಕುರ್ಚಿ ಕೊಟ್ಟರೆಂದರೆ ಏನೋ ಕೇಡು ಕಾದಿದೆ ಅಂತಲೇ — ಅವರ ಗುಮಾಸ್ತ ಅಶೋಕಕುಮಾರ ಕಾಗದವನ್ನು ನನ್ನ ಮುಂದೆ ಸರಿಸಿದ, ನೀವು ಹೇಳಿದ್ದೇ ಬರದೀನ್ರಿ, ಇಲ್ಲಿ ಸಹಿ ಮಾಡ್ರಿ, ಅಷ್ಟೇ. ಅಷ್ಟೇ ಅಂತೆ. ಇದು ನಮ್ಮ ತಹಶೀಲ್ದಾರ್ ಮೇಡಂ ಪಾಸಂಗ್ ಡೋಲ್ಮಾ ಅವರ ನೌಕರಿ ತೆಗೆಸುವ ಕಾಗದ. ಅವರು ಈ ದೇಶದವರಲ್ಲ, ಟಿಬೆಟಿನವರು, ಸುಳ್ಳು ದಾಖಲೆ ಕೊಟ್ಟು ಸೇರಿದವರು, ಅವರ ಕಚೇರಿಯ ಅಟೆಂಡರೇ ಮೊದಲ ದಿನ ಅವರನ್ನು ಪರದೇಶಿ ಅಂದಿದ್ದಾಳೆ ಅಂತ ಅರ್ಜಿ ಬಿದ್ದಿದೆ. ಅಂದಿದ್ದೆ, ಸುಳ್ಳಲ್ಲ. ಸುಡಬೇಕು ಈ ನಾಲಿಗೆಯನ್ನು.

ಅವರು ಬಂದ ಆ ಮೊದಲ ದಿನ, ಮೇ ತಿಂಗಳು, ನೆತ್ತಿ ಸುಡುವ ಹೊತ್ತು, ಹೆಗಲಿಗೊಂದು ದೊಡ್ಡ ಚೀಲ, ಅಗಲ ಮುಖ, ಸಣ್ಣ ಕಣ್ಣು, ನಾನೋ ಮಹಾ ಜಾಣೆ, ಕಲಬುರಗಿಯಲ್ಲಿ ಚಳಿಗಾಲ ಬಂದರೆ ಅಂಥ ಮುಖದವರು ಸ್ವೆಟರ್ ಮಾರುವುದನ್ನು ಕಂಡವಳು, ಈಗ ಸ್ವೆಟರ್ ಯಾರ್ ತಗೋತಾರವ್ವಾ, ಥಂಡಿ ದಿನದಾಗ ಬಾ ಅಂದೆ, ಒಳಗೆ ಕಂಪ್ಯೂಟರಿನ ಮುಂದಿದ್ದ ಸಮ್ರೀನಳಿಗೆ ಕೂಗಿ ಹೇಳಿದೆ, ಯಾರೋ ಪರದೇಶಿ, ಪಾಪ, ಬಿಸಿಲಾಗ ಬಂದಾಳ. ತಂಬಿಗೆಯಲ್ಲಿ ನೀರು ಕೊಟ್ಟೆ. ಅವರು ಕತ್ತೆತ್ತಿ, ತಂಬಿಗೆಯನ್ನು ತುಟಿಗೆ ತಾಗಿಸದೆ, ನಮ್ಮ ಓಣಿಯವರ ಹಾಗೇ, ಮೇಲಿನಿಂದ ಧಾರೆ ಬಿಟ್ಟುಕೊಂಡು ಗಟಗಟ ಕುಡಿದರು, ಒಂದು ಹನಿ ಗದ್ದಕ್ಕೆ ಬೀಳಲಿಲ್ಲ, ಆಮೇಲೆ ಬಾಯಿ ಒರೆಸಿಕೊಂಡು ಅಂದರು, ಸ್ವೆಟರ್ ನಮ್ಮವ್ವ ಮಾರ್ತಿದ್ದಳ್ರಿ, ನಾ ಹೊಸಾ ತಹಶೀಲ್ದಾರ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಕ್ಕರು, ನೀರು ಭಾಳ ಛಲೋ ಅದಾವ ಅಂದರು, ಅಷ್ಟರಲ್ಲೇ ಮುಗಿಸಿದರು, ಬೇರೆಯವರಾಗಿದ್ದರೆ ನಾನು ಮರುದಿನವೇ ರಿಕಾರ್ಡ್ ರೂಮಿನ ಜಿರಲೆಗಳ ಜೊತೆ ಇರುತ್ತಿದ್ದೆ. ಹುಟ್ಟಿದ್ದು ನಮ್ಮದೇ ನಾಡಿನ ಮುಂಡಗೋಡದ ಟಿಬೆಟಿನವರ ಕ್ಯಾಂಪಿನಲ್ಲಿ, ಮೊದಲ ನೌಕರಿ ಚಿಂಚೋಳಿ ಕಡೆಯ ಕೊಡ್ಲಿಯಲ್ಲಿ, ಗ್ರಾಮ ಲೆಕ್ಕಿಗರಾಗಿ, ತೊಗರಿ ಹಾಳಾದ ವರ್ಷ ಬದುವಿನಿಂದ ಬದುವಿಗೆ ನಡೆದೇ ಎಲ್ಲ ಹೊಲ ನೋಡಿದರಂತೆ, ಊರವರ ಬಾಯಲ್ಲಿ ಡೋಲ್ಮಾ ಹೋಗಿ ಡೋಲಮ್ಮ ಆದರು, ಆಮೇಲೆ ಚಿತ್ತಾಪುರ, ವಾಡಿ, ಶಹಾಬಾದ, ಒಂದೊಂದೇ ಮೆಟ್ಟಿಲು, ಯಾರ ಕೈಕಾಲೂ ಹಿಡಿಯದೆ. ಹೋದಲ್ಲೆಲ್ಲ ಒಂದೇ ಹಟ — ಕಾಗದ ಯಾರದೋ ಅವರಿಗೆ ಓದಿ ಹೇಳದೆ ಸಹಿ ಹಾಕಿಸಬಾರದು. ಓದಿ ಹೇಳ್ರಿ, ಓದಿ ಹೇಳ್ರಿ, ನಮ್ಮ ಗುಮಾಸ್ತರಿಗೆಲ್ಲ ಗಂಟಲು ಒಣಗಿ ಹೋಯಿತು. ನಮ್ಮ ಸೇಡಂ ತಾಲೂಕಿನ ಕೋಡ್ಲಾದ ಮುದುಕಿ ಲಕ್ಷ್ಮಿಗೂ ಹಾಗೇ ಓದಿಸಿದರು, ಗಣಿಗೆ ಒಂದು ಎಕರೆ ಕೊಟ್ಟೆ ಅಂದುಕೊಂಡು ಬಂದಿದ್ದವಳ ಕಾಗದದಲ್ಲಿ ನಾಲ್ಕೂ ಎಕರೆ ಇತ್ತು, ಮುದುಕಿ ಹೆಬ್ಬೆರಳು ಹಿಂದಕ್ಕೆ ತೆಗೆದುಕೊಂಡಳು, ಪರ್ಸಿ ಕಲ್ಲಿನ ಗಣಿಯ ಧಣಿಯ ಮುಖ ಕಪ್ಪಿಟ್ಟಿತು, ವಾರದೊಳಗೆ ಈ ಅರ್ಜಿ. ಅಯ್ಯೋ, ಎಷ್ಟು ಅಭಿಮಾನ ನನಗೆ ಈ ಹೆಣ್ಣುಮಗಳ ಮೇಲೆ, ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ನಿನ್ನೆ ಧಣಿಯ ಮನುಷ್ಯ ಮನೆಗೆ ಬಂದಿದ್ದ, ಎಲ್ಡು ವರ್ಷಕ್ಕ ರಿಟೈರ್ ಆಗ್ತೀರಿ, ಪಿನ್ಷನ್ ಫೈಲು ಎಲ್ಲೆರ ಕಳದು ಹೋದೀತು ಅಂದ, ನಗುತ್ತಲೇ ಅಂದ. ಪೆನ್ನು ಕೈಗೆತ್ತಿಕೊಂಡೆ. ನನಗೆ ಬರುವುದು ಸಹಿಯ ನಾಲ್ಕಕ್ಷರ, ಗಂಡ ಸತ್ತು ಅವನ ನೌಕರಿ ನನಗೆ ಬಂದಾಗ ಕಲಿತದ್ದು, ಆ ವರ್ಷ ಅತ್ತೆ ಮನೆಯಿಂದ ಹೊರಗೆ ಹಾಕಿದ್ದಳು, ನಡಿ ಪರದೇಶಿ, ಓಣಿಯವರೂ ಅಂದರು, ಪಾಪ ಪರದೇಶಿ, ನಮ್ಮ ಕಡೆ ದಿಕ್ಕಿಲ್ಲದವಳಿಗೆ ಇನ್ನೇನು ಅಂತಾರೆ — ಪೆನ್ನು ಕಾಗದಕ್ಕೆ ತಾಗಿತು, ಹಣ ಅಂತ ಎರಡಕ್ಷರ ಬಿತ್ತು, ನಿಂತಿತು. ಓದಿ ಹೇಳ್ರಿ, ಅಂದೆ. ನನ್ನ ಬಾಯಿಂದಲೇ ಬಂತು. ಅಶೋಕಕುಮಾರ ಸಾಹೇಬರ ಮುಖ ನೋಡಿದ, ಸಾಹೇಬರು ಓದು ಅಂದರು, ಅವನು ಗೊಣಗುತ್ತ ಓದಿದ, ಸದರಿಯವರು ಪರದೇಶದ ಪ್ರಜೆಯೆಂದು ನನಗೆ ಮೊದಲಿನಿಂದಲೂ ತಿಳಿದಿತ್ತು. ನಾನು ಹಾಗೆ ಹೇಳಿಲ್ಲ ಅಂದೆ. ಹಾಗಾದರೆ ಪರದೇಶಿ ಅಂದಿಲ್ಲವೇ ಅಂದರು ಸಾಹೇಬರು.

ಅಂದೀನ್ರಿ. ನನಗೂ ಹಂಗೇ ಅಂತಿದ್ರು, ನಾ ಇದೇ ಸೇಡಂದಾಗ ಹುಟ್ಟೀನಿ. ಅದನ್ನೂ ಬರೀರಿ. ಬರದು ಓದಿ ಹೇಳ್ರಿ.

ಸಾಹೇಬರು ಕನ್ನಡಕ ತೆಗೆದರು. ನಿಮ್ಮ ಮೇಡಂ ಇಲ್ಲಿಯವರೇ ಅಂತ ನಿಮಗೇನು ಗೊತ್ತಮ್ಮ ಅಂತ ಕೇಳುತ್ತಿದ್ದಾರೆ, ಏನು ಗೊತ್ತು, ಕೊಡ್ಲಿಯ ಬದು ಅನ್ನಲೇ, ಮುದುಕಿಯ ಹೆಬ್ಬೆರಳು ಅನ್ನಲೇ, ಕಣ್ಣ ಮುಂದೆ ಬರುವುದು ಬೇರೆಯೇ, ಆ ಬಿಸಿಲು, ಬಾಗಿಲು, ಕತ್ತೆತ್ತಿ ನಿಂತವರು, ಮೇಲೆ ಹಿಡಿದ ನನ್ನ ತಂಬಿಗೆ, ಧಾರೆ, ಒಂದು ಹನಿ ಗದ್ದಕ್ಕೆ ಬೀಳಲಿಲ್ಲ, ಒಂದು ಹನಿ —