ತಮಟೆಯ ಮುಂದೆ ಹುರುಳಿ

ಕೋಮಲಳ ಕೈ ನಡುಗುತ್ತಿತ್ತು. ಲಗಾಮು ಹಿಡಿದವರ ಕೈ ನಡುಗಿದರೆ ಆ ನಡುಕ ನೆಟ್ಟಗೆ ಕುದುರೆಯ ಬಾಯಿಗೆ ಹೋಗುತ್ತದೆ. ನೀವು ಹಲ್ಲು ಕಿರಿದು ನಗಬಹುದು, ಹಾಡು ಹೇಳಬಹುದು, ಕುದುರೆ ಅದನ್ನೆಲ್ಲ ನಂಬುವುದಿಲ್ಲ. ಅದು ನಂಬುವುದು ಲಗಾಮನ್ನು ಮಾತ್ರ.

"ಇಳ್ದುಬುಡವ್ವ, ಇವತ್ತಿಗೆ ಸಾಕು," ಎಂದೆ.

"ಇವತ್ತು ಇಳುದ್ರ ನಾಳಕ್ಕೂ ಇಂಗೇ ನಡುಗ್ತೀನಿ ದೊಡ್ಡಪ್ಪ. ಕೂತಿರ್ತೀನಿ ಬುಡಿ," ಅಂದಳು.

ಸಾರೋಟಿನ ಮೇಲೆ ಅವಳು, ಕೆಳಗೆ ಕುದುರೆಯ ಮೂತಿ ಹಿಡಿದು ನಾನು, ಜಗಲಿಯ ಮೇಲೆ ಅವಳ ಗಂಡ ಮಾದೇಶ. ಮಾದೇಶ ನನ್ನ ತಮ್ಮನ ಮಗ. ನಮ್ಮೂರು ಚಿಕ್ಕಯ್ಯನಛತ್ರದ ಸುತ್ತಮುತ್ತ ಯಾರ ಮದುವೆಯಾದರೂ ಗಂಡು ಬರುತ್ತಿದ್ದುದು ಇವನ ಸಾರೋಟಿನಲ್ಲೇ. ಹೋದ ವರ್ಷ ಒಂದು ಮದುವೆಯಲ್ಲಿ ಯಾವನೋ ಪಟಾಕಿ ಸರವನ್ನು ಕುದುರೆಯ ಕಾಲ ಕೆಳಗೇ ಹಚ್ಚಿದ. ಕುದುರೆ ಕಿತ್ತುಕೊಂಡು ಓಡಿತು, ಸಾರೋಟು ಮಗುಚಿತು, ಮಾದೇಶ ಅದರಡಿಗೆ ಸಿಕ್ಕಿದ. ಸೊಂಟದ ಮೂಳೆ ಪುಡಿಯಾಯಿತು. ಈಗ ಕೋಲು ಹಿಡಿದು ಹಿತ್ತಲ ತನಕ ಹೋಗಿ ಬಂದರೆ ಅದೇ ದೊಡ್ಡದು. ಆ ಕುದುರೆಯನ್ನು ಕೊಟ್ಟುಬಿಟ್ಟರು, ಸಾರೋಟನ್ನು ಮಾತ್ರ ಕೊಡಲಿಲ್ಲ. ಕೊಡುವುದು ಬೇಡ, ನಾನೇ ಹೊಡೆಯುತ್ತೇನೆ ಎಂದು ಕೋಮಲ ಹಟ ಹಿಡಿದಳು. ಅಲ್ಲಿಗೆ ವಿಷಯ ಇಷ್ಟೇ. ಈ ಹೊಸ ಕುದುರೆ ಬೆದರಿದರೆ, ಗಂಡ ಬಿದ್ದ ಜಾಗದಿಂದಲೇ ಹೆಂಡತಿಯೂ ಬೀಳುತ್ತಾಳೆ. ಇದು ಮೂವರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಹೊಸದು ಹೆಣ್ಣು ಮರಿ, ಮೂರು ವರ್ಷ ತುಂಬಿತ್ತು. ಕಂದು ಮೈ, ಹಣೆಯಲ್ಲಿ ಅರಳೀಕಾಯಷ್ಟು ಬಿಳಿ ಮಚ್ಚೆ. ನಂಜನಗೂಡಿನ ಹೊಳೆದಂಡೆಯಲ್ಲಿ ಮೈ ತೊಳೆಸಿಕೊಂಡು ಮನೆಗೆ ಬಂದದ್ದಕ್ಕೆ ಕಪಿಲಾ ಎಂದು ಹೆಸರಿಟ್ಟರು. ನೋಡಲು ಚೆಂದ, ಆದರೆ ಹೇಡಿ ಎಂದರೆ ಹೇಡಿ. ಗಾಳಿಗೆ ಪ್ಲಾಸ್ಟಿಕ್ ಕವರು ಹಾರಿದರೆ ಅಡ್ಡಡ್ಡ ನೆಗೆಯುತ್ತಿತ್ತು. ಕುಕ್ಕರು ಕೂಗಿದರೆ ಬೆವರುತ್ತಿತ್ತು. ನಂಜನಗೂಡಿನಲ್ಲಿ ಜಟಕಾ ಓಡುವ ತನಕ ಜಟಕಾ ಹೊಡೆದವನು ನಾನು, ಎಂತೆಂಥ ಕುದುರೆಗಳನ್ನೋ ನೋಡಿದ್ದೇನೆ. ತನ್ನ ಬಾಲಕ್ಕೆ ತಾನೇ ಹೆದರಿದ್ದನ್ನು ನೋಡಿದ್ದು ಇದೊಂದನ್ನೇ.

ಮರಿಕುದುರೆಗೆ ಧೈರ್ಯ ತುಂಬುವುದು ಹೊಡೆದಲ್ಲ, ತಿನ್ನಿಸಿ. ಅದು ಹುರುಳಿ ತಿನ್ನುವಾಗ ದೂರದಲ್ಲೆಲ್ಲೋ ತಮಟೆ ಬಡಿಸಬೇಕು. ತಿನ್ನುವುದನ್ನು ನಿಲ್ಲಿಸಿ ಕಿವಿ ಎತ್ತಿದರೆ ತಮಟೆಯೂ ನಿಲ್ಲಬೇಕು. ಮತ್ತೆ ಬಾಯಿ ಹಾಕಿದರೆ ಮತ್ತೆ ಬಡಿಯಬೇಕು. ದಿನದಿನಕ್ಕೂ ತಮಟೆಯವನು ಒಂಚೂರು ಒಂಚೂರು ಹತ್ತಿರ ಬರಬೇಕು. ಕೊನೆಗೆ ಅವನು ಕಿವಿಯ ಪಕ್ಕದಲ್ಲೇ ನಿಂತು ಬಡಿದರೂ ಕುದುರೆ ಹುರುಳಿ ಅಗಿಯುತ್ತಾ ನಿಂತಿರಬೇಕು. ಆಮೇಲೆ ಪಟಾಕಿಗೂ ಡೀಜೆಗೂ ಟ್ರ್ಯಾಕ್ಟರ್ ಹಾರನ್ನಿಗೂ ಇದೇ ಪಾಠ.

ತಮಟೆಗೆ ಬಂದವನು ಕೋಮಲಳ ತಮ್ಮ ರವಿಕುಮಾರ. ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ, ರಜೆಯಲ್ಲಿ ತಮಟೆ ತಂಡ. ಆಳು ಬಾಗಿಲು ತುಂಬುವ ಹಾಗಿದ್ದಾನೆ, ಮೀಸೆಯನ್ನು ಮೇಲಕ್ಕೆ ತಿರುವಿದ್ದಾನೆ. ಆದರೆ ಚಿಕ್ಕಂದಿನಲ್ಲಿ ಜಟಕಾ ಕುದುರೆಯೊಂದು ಅವನ ಭುಜ ಕಚ್ಚಿ ಎತ್ತಿತ್ತು. ಆ ಗುರುತು ಇನ್ನೂ ಇದೆ, ಭಯವೂ ಇದೆ. ಮೊದಲನೇ ದಿನ ಬೇಲಿಯಾಚೆ ಹುಣಸೆ ಮರದ ಬುಡದಲ್ಲಿ ತಮಟೆ ಕಾಯಿಸಿಕೊಂಡು ಕೂತವನು, ಮಾರನೆಯ ದಿನವೂ ಅಲ್ಲೇ ಕೂತ.

"ಮುಂದಕ್ಕ ಬಾರ್ಲಾ," ಎಂದೆ.

"ಇಲ್ಲೇ ಕೇಳ್ತದ ಅಲ್ವಾ ದೊಡ್ಡಪ್ಪ."

"ಅದುಕ್ಕ ಕೇಳ್ತದ ಕಣ್ಲಾ. ನೀನು ಹತ್ರುಕ್ಕ ಬರ್ಬೇಕು, ಅದೇ ಪಾಠ."

"ಪಾಠ ಅದುಕ್ಕ ತಾನೆ? ನಂಗ್ಯಾಕ?"

ಜಗಲಿಯಿಂದ ಮಾದೇಶ ನಕ್ಕ. ಆ ಮನೆಯಲ್ಲಿ ಅವನ ನಗು ಕೇಳಿ ಎಷ್ಟು ಕಾಲವಾಗಿತ್ತೋ. "ಬಾಮೈದ, ಆ ಮೀಸೆ ಬೋಳಿಸಿ ಕುದ್ರ ಬಾಲುಕ್ಕ ಅಂಟ್ಸು. ಅಲ್ಲಾದ್ರೂ ಮರ್ಯಾದೆ ಸಿಕ್ತದ."

"ಅಂಟ್ಸಕ್ಕ ಹತ್ರುಕ್ಕ ಓಗ್ಬೇಕಲ್ಲ ಬಾವ," ಅಂದ ರವಿ.

ಅವನು ಬರಲೇ ಇಲ್ಲ. ಎತ್ತಿಕೊಂಡು ಬರಲು ನನ್ನ ಮಂಡಿಯಲ್ಲಿ ಬಲವಿಲ್ಲ. ಕೊನೆಗೆ ಕೋಮಲ, ಅವನು ಬರದಿದ್ದರೆ ನಾವೇ ಹೋಗೋಣ ಎಂದಳು. ಹುರುಳಿ ಹಾಕಿದ ಪಾತ್ರೆ, ಆ ಬೋಸಿಯನ್ನು ತಮಟೆಯ ಕಡೆಗೆ ದಿನದಿನಕ್ಕೂ ಸರಿಸಿದೆವು, ಕುದುರೆಯನ್ನು ಹಿಂದೆಯೇ ನಡೆಸಿದೆವು. ಎರಡೂ ಒಂದೇ ಅನ್ನಿಸಿತು. ತಮಟೆ ಹತ್ತಿರ ಬಂದರೇನು, ಕುದುರೆ ಹತ್ತಿರ ಹೋದರೇನು. ಕೊನೆಕೊನೆಗೆ ಬೋಸಿ ರವಿಯ ಕಾಲ ಬುಡಕ್ಕೇ ಬಂತು. ಅವನು ಮರಕ್ಕೆ ಬೆನ್ನು ಒತ್ತಿ, ಕಣ್ಣು ಮುಚ್ಚಿಕೊಂಡು, ಒಂದೇ ನಿಧಾನದ ಹೊಡೆತ ಹೊಡೆಯುತ್ತಿದ್ದ. ಕಪಿಲಾ ನೆಮ್ಮದಿಯಾಗಿ ತಿನ್ನುತ್ತಿತ್ತು. ಬೆವರುತ್ತಿದ್ದವನು ಅವನು.

ಪಟಾಕಿಯೂ ಆಯಿತು, ಹಾರನ್ನೂ ಆಯಿತು. ಕಣ್ಣುಪಟ್ಟಿ ಕಟ್ಟಿ ಮತ್ತೆ ಸಾರೋಟಿಗೆ ಹೂಡಿದೆವು. ಕೋಮಲಳ ಕೈ ನಡುಕ ಕಡಿಮೆಯಾಯಿತು. ನರಸೀಪುರದ ಕಡೆಯ ಒಂದು ಮದುವೆಯವರು ಬಂದು ಕೇಳಿದರು, ಅವಳು ಒಪ್ಪಿಕೊಂಡಳು.

ಅದಾದ ಮೇಲೆ ಒಂದು ಬೆಳಿಗ್ಗೆ ರಸ್ತೆಗೆ ಇಳಿದಿದ್ದೆವು. ಕೋಮಲ ಮೇಲೆ, ನಾನು ಅವಳ ಪಕ್ಕದಲ್ಲಿ. ಎದುರು ತಿರುವಿನಲ್ಲಿ ತಮಟೆ ಕೇಳಿಸಿತು. ಹೆಣ ಬರುತ್ತಿತ್ತು. ಪಕ್ಕಕ್ಕೆ ನಿಲ್ಲಿಸವ್ವ, ಹೋಗಲಿ ಅಂದೆ. ಅವಳು ಲಗಾಮು ಎಳೆದಳು. ಕುದುರೆ ನಿಲ್ಲಲಿಲ್ಲ. ಓಡಲೂ ಇಲ್ಲ. ಕಿವಿ ಮುಂದೆ ಚಾಚಿ, ಬಾಯಿಂದ ಜೊಲ್ಲು ಸುರಿಸುತ್ತಾ ನೆಟ್ಟಗೆ ಚಟ್ಟದ ಕಡೆಗೆ ನಡೆಯಿತು. ನಾನೂ ಕೈ ಹಾಕಿ ಎಳೆದೆ. ಕತ್ತು ಬಿಲ್ಲಾಯಿತೇ ಹೊರತು ಕಾಲು ನಿಲ್ಲಲಿಲ್ಲ. ಹೆಣ ಹೊತ್ತವರು ಹಿಂದೆ ಸರಿದರು. ಮುಂದಿದ್ದ ಮುದುಕಿಯೊಬ್ಬಳ ಕೈಯಿಂದ ಮಂಡಕ್ಕಿ ಮೊರ ಬಿತ್ತು. ತಮಟೆಯವನು ಬಾರಿಸುವುದನ್ನು ನಿಲ್ಲಿಸಿ ಓಡಿದ. ಸದ್ದು ನಿಂತಿತು, ಕುದುರೆಯೂ ನಿಂತಿತು. ನೆಲ ಮೂಸಿ ಬೋಸಿ ಹುಡುಕಿತು.

ಆಗ ಗೊತ್ತಾಯಿತು. ತಮಟೆ ಬಂದಾಗ ಹೆದರದೆ ನಿಲ್ಲುವುದನ್ನು ನಾವು ಅದಕ್ಕೆ ಕಲಿಸಿರಲಿಲ್ಲ. ತಮಟೆ ಎಲ್ಲಿದೆಯೋ ಅಲ್ಲಿಗೆ ಹೋಗುವುದನ್ನು ಕಲಿಸಿದ್ದೆವು.

ಮನೆಗೆ ಬಂದ ಮೇಲೆ ಕೋಮಲ ಬಹಳ ಹೊತ್ತು ಕೈ ತೊಳೆದಳು. "ಹೆಣದ ಕಡೀಕ ಎಳೀತು ದೊಡ್ಡಪ್ಪ," ಅಂದಳು.

"ಹೆಣಾನೂ ಇಲ್ಲ, ಗಿಣಾನೂ ಇಲ್ಲ. ಹುರುಳಿ ಕಡೀಕ ಎಳೀತು. ಮೊದ್ಲಿಂದ ಶುರು ಮಾಡ್ಮ. ಮದ್ವೆ ಬ್ಯಾಡ ಅನ್ನು."

"ಮಾತು ಕೊಟ್ಟಿವ್ನಿ."

ಮಾದೇಶ ಕೋಲನ್ನು ನೆಲಕ್ಕೆ ಕುಟ್ಟಿದ. "ಮಾತು ಮುರುದ್ರ ಕೂಡುಸ್ಬೋದು ಕನಾ. ಸೊಂಟ ಮುರುದ್ರ ಏನಾಯ್ತದ ನೋಡ್ತಾ ಇಲ್ವಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡು, "ನೀವು ದಿನಾ ಆ ಜಗ್ಲಿ ಮ್ಯಾಲ ಕೂತ್ಕಂಡು ಸಾರೋಟ್ ನೋಡ್ತೀರಲ್ಲ, ಅದು ನಿಂತೇ ಇರೋದ ನನ್ನ ಕಣ್ಣಲ್ಲಿ ನೋಡಕ್ಕಾಗಲ್ಲ," ಅಂದಳು. ಅವನು ಮುಖ ತಿರುಗಿಸಿದ.

ಉಪಾಯ ಹೇಳಿದವಳೂ ಅವಳೇ. ಕುದುರೆ ತಮಟೆಯ ಹಿಂದೆ ಹೋಗುವುದಾದರೆ ತಮಟೆ ಮುಂದಿರಲಿ. ರವಿಯ ತಂಡ ಮುಂದೆ ನಡೆಯುತ್ತದೆ, ಕಪಿಲಾ ಹಿಂದೆ ನಡೆಯುತ್ತದೆ. ಮೆರವಣಿಗೆ ಎಂದರೂ ಅದೇ ತಾನೆ. ಕೇಳಿ ರವಿಯ ಮುಖ ಬಿಳುಚಿಕೊಂಡಿತು.

"ಬೆನ್ನಿಂದ ಕುದ್ರ ಮಡಿಕ್ಕಂಡು ನಡೀಬೇಕಾ ಅಕ್ಕ?"

"ಹ್ಞೂಂ ಕನಪ್ಪ. ನೀ ಮುಂದಿದ್ರ ನಂಗೂ ಧೈರ್ಯ."

ಅವನು ಬೇಡ ಅನ್ನಲಿಲ್ಲ. ಭುಜ ಸವರಿಕೊಂಡ.

ಮದುವೆಯ ಛತ್ರ ನಾಲೆಯ ಪಕ್ಕದಲ್ಲಿತ್ತು. ಮುಂದೆ ಸಂತೆ ನಡೆಯುವ ದೊಡ್ಡ ಬಯಲು, ಬಯಲಿನ ಆಚೆ ತುದಿಗೆ ನಾಲೆ. ನೀರು ಬಿಟ್ಟಿದ್ದರು, ದಡದ ಸಮಕ್ಕೆ ಹರಿಯುತ್ತಿತ್ತು. ತಡೆಗೋಡೆ ಇಲ್ಲ. ಬಂದ ತಕ್ಷಣ ನಾನು ನೋಡಿದ್ದು ಹೆಣ್ಣಿನ ಕಡೆಯವರನ್ನಲ್ಲ, ಆ ನೀರನ್ನು.

ಬಿಸಿಲು ಇಳಿಯುವ ಹೊತ್ತಿಗೆ ಮೆರವಣಿಗೆ ಹೊರಟಿತು. ಮುಂದೆ ತಮಟೆ, ರವಿ ಸಾಲಿನ ಕೊನೆಯಲ್ಲಿ. ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ. ಅವನ ಹಿಂದೆ ಕಪಿಲಾ, ಅದರ ಮೂತಿಯ ಹತ್ತಿರ ನಾನು, ಮೇಲೆ ಕೋಮಲ, ಹಿಂದಿನ ಸೀಟಿನಲ್ಲಿ ಪೇಟ ತೊಟ್ಟ ಮದುಮಗ. ಕುದುರೆ ಕುರಿಮರಿಯ ಹಾಗೆ ನಡೆಯಿತು. ಪಟಾಕಿ ಹೊಡೆದರು, ಕಿವಿ ಅಲ್ಲಾಡಿಸಿತು, ಅಷ್ಟೇ. ನಾನು ಮೇಲೆ ನೋಡಿದೆ. ಕೋಮಲಳ ಕೈ ನೆಟ್ಟಗಿತ್ತು.

ಛತ್ರದ ಬಾಗಿಲು ಬಂತು. ತಮಟೆ ನಿಂತಿತು. ಮದುಮಗ ಇಳಿಯಲು ಎದ್ದ. ಆಗ ಅವನ ಸ್ನೇಹಿತರು ಉದ್ದದ ಕೊಳವೆಯಂಥದ್ದನ್ನು ತಿರುಚಿದರು. ಢಬ್ ಎಂದಿತು. ಸದ್ದಿಗೆ ಕುದುರೆ ಹೆದರಲಿಲ್ಲ, ನಾವು ಕಲಿಸಿದ್ದೆವು. ಆದರೆ ಅದರೊಳಗಿಂದ ಮಿಂಚುವ ಬಣ್ಣದ ಕಾಗದ ಆಕಾಶಕ್ಕೆ ಹಾರಿ, ಮೆಲ್ಲಗೆ ಇಳಿದು ಕುದುರೆಯ ಬೆನ್ನ ಮೇಲೆ, ಕತ್ತಿನ ಮೇಲೆ, ಬಾಲದ ಮೇಲೆ ಬಿತ್ತು. ಕಣ್ಣುಪಟ್ಟಿ ಕಟ್ಟಿದ ಕುದುರೆಗೆ ಪಕ್ಕ ಕಾಣುವುದಿಲ್ಲ, ಹಿಂದೆಯೂ ಕಾಣುವುದಿಲ್ಲ. ಕಾಣದ್ದೇನೋ ಮೈಯನ್ನು ಮುಟ್ಟುತ್ತಿದೆ, ಸರಸರ ಎನ್ನುತ್ತಿದೆ. ಮಾರುದ್ದದ ರಿಬ್ಬನ್ನುಗಳು ಹಿಂಗಾಲಿಗೆ ಸುತ್ತಿಕೊಂಡವು.

ಮೈಯ ಚರ್ಮವೆಲ್ಲ ಅದುರಿದ್ದು ನನ್ನ ಅಂಗೈಗೆ ಗೊತ್ತಾಯಿತು. ಮರುಕ್ಷಣ ನಾನು ನೆಲದಲ್ಲಿದ್ದೆ. ಮದುಮಗ ಎಲ್ಲಿ ಹಾರಿದನೋ, ಅವನ ಪೇಟ ನನ್ನ ಪಕ್ಕದಲ್ಲಿ ಉರುಳುತ್ತಿತ್ತು. ತಲೆ ಎತ್ತಿದಾಗ ಸಾರೋಟು ಬಯಲಿನಲ್ಲಿ ಹಾರುತ್ತಾ ಹೋಗುತ್ತಿತ್ತು, ನಾಲೆಯ ಕಡೆಗೆ. ಕುದುರೆ ಓಡಿದಷ್ಟೂ ರಿಬ್ಬನ್ನು ಹಿಂದೆ ಪಟಪಟ ಹೊಡೆಯುತ್ತಿತ್ತು, ಅದು ಹೊಡೆದಷ್ಟೂ ಕುದುರೆ ಓಡುತ್ತಿತ್ತು. ಕೋಮಲ ಕೂಗುತ್ತಿರಲಿಲ್ಲ. ಹಿಂದಕ್ಕೆ ವಾಲಿ, ಕಾಲು ಕೊಟ್ಟು, ಲಗಾಮು ಎಳೆಯುತ್ತಿದ್ದಳು. ಕೂಗಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

"ರವಿ, ಬಡೀಲಾ," ಎಂದೆ.

ಅವನು ಬಾಯಿ ತೆರೆದು ನಿಂತಿದ್ದ. ಕೈಯಲ್ಲಿ ಕಡ್ಡಿ ಇತ್ತು, ಕೈ ಏಳುತ್ತಿರಲಿಲ್ಲ.

"ಬಡೀಲಾ ಬೇವರ್ಸಿ, ಹುಣ್ಸೆ ಮರದ ಬುಡದಲ್ಲಿ ಬಡೀತಿದ್ದಂಗ ಬಡಿ. ನಿಮ್ಮಕ್ಕ ಓಯ್ತಾವ್ಳ ನೋಡು."

ಬಡಿದ. ಮೊದಲನೆಯದು ತಪ್ಪಿತು. ಎರಡನೆಯದು ಕೂತಿತು. ಆಮೇಲೆ ಅದೇ ಒಂದೇ ನಿಧಾನದ ಹೊಡೆತ, ಬಯಲಿನ ಮೇಲೆ ಹೋಯಿತು.

ಕುದುರೆ ನೀರಿನ ಅಂಚಿಗೆ ತಲುಪಿತ್ತು. ಅಂಚಿನಲ್ಲಿ ಬೆಚ್ಚಿ ಬಲಕ್ಕೆ ಹೊರಳಿತು. ಸಾರೋಟಿನ ಹಿಂದಿನ ಚಕ್ರ ದಡದಿಂದ ಜಾರಿತು, ನೀರಿಗೆ ಮಣ್ಣು ಬಿತ್ತು, ಕೋಮಲ ಸೀಟಿನಿಂದ ಎದ್ದು ಮತ್ತೆ ಕೂತಳು. ಚಕ್ರ ಹೇಗೋ ಮೇಲೆ ಬಂತು. ಆಗ ಕುದುರೆಯ ಒಂದು ಕಿವಿ ತಮಟೆಯ ಕಡೆಗೆ ತಿರುಗಿತು. ದೂರದಿಂದಲೂ ನಾನು ಆ ಕಿವಿ ತಿರುಗಿದ್ದನ್ನು ಕಂಡೆ. ಆಮೇಲೆ ಎರಡನೆಯದೂ ತಿರುಗಿತು. ಕಪಿಲಾ ದೊಡ್ಡ ಸುತ್ತು ಹಾಕಿ ಬಯಲಿಗೆ ಬಂತು.

ನೆಟ್ಟಗೆ ತಮಟೆಗೆ. ಓಟ ಮಾತ್ರ ಕಡಿಮೆಯಾಗಿರಲಿಲ್ಲ.

ರವಿಯ ಹಿಂದೆ ಇಡೀ ಮದುವೆ ಇತ್ತು. ಹೆಂಗಸರು, ಮಕ್ಕಳು, ಕುರ್ಚಿಯಲ್ಲಿ ಕೂತ ಮುದುಕರು. ತಂಡದವರು ತಮಟೆ ಬಿಸಾಕಿ ಓಡಿದರು. ರವಿ ಓಡಿದರೆ ಕುದುರೆ ಜನರ ಮೇಲೆ ಹೋಗುತ್ತದೆ, ಬಡಿಯುವುದನ್ನು ನಿಲ್ಲಿಸಿದರೆ ಅದು ಎಲ್ಲಿಗೆ ಹೋಗುತ್ತದೋ ಯಾರಿಗೂ ಗೊತ್ತಿಲ್ಲ. ಇದನ್ನೆಲ್ಲ ಕೂಗಿ ಹೇಳಲು ನನ್ನಲ್ಲಿ ಉಸಿರಿರಲಿಲ್ಲ. ಅವನ ಪ್ಯಾಂಟು ಒದ್ದೆಯಾಗಿತ್ತು. ಯಾರೂ ನಗಲಿಲ್ಲ, ಇವತ್ತಿಗೂ ನಕ್ಕಿಲ್ಲ. ಅವನು ಕಣ್ಣು ಮುಚ್ಚಿದ. ಕೈ ಮಾತ್ರ ನಿಲ್ಲಲಿಲ್ಲ. ಮರಕ್ಕೆ ಒರಗುವ ಹಾಗೆ ಬೆನ್ನನ್ನು ಹಿಂದಕ್ಕೆ ಒತ್ತಿದ, ಅಲ್ಲಿ ಮರವಿರಲಿಲ್ಲ.

ಗೊರಸಿನ ಸದ್ದು ನೆಲದೊಳಗಿಂದ ನನ್ನ ಎದೆಗೆ ಬಂತು. ಆಮೇಲೆ ಓಟ ಕುಕ್ಕೋಟವಾಯಿತು, ಕುಕ್ಕೋಟ ನಡಿಗೆಯಾಯಿತು. ಧೂಳಿನಲ್ಲಿ ಏನೂ ಕಾಣಲಿಲ್ಲ. ತಮಟೆ ಮಾತ್ರ ಕೇಳುತ್ತಿತ್ತು. ಹಾಗೆ ಕೇಳುತ್ತಿದ್ದ ಹಾಗೇ ಅದರ ಸದ್ದು ಇಂಗಿತು, ಒದ್ದೆ ಬಟ್ಟೆಯ ಮೇಲೆ ಬಡಿದ ಹಾಗಾಯಿತು.

ಧೂಳು ಇಳಿದಾಗ ನೋಡಿದೆ. ಕಪಿಲಾ ತಮಟೆಯ ಚರ್ಮಕ್ಕೆ ಮೂತಿ ಒತ್ತಿ ನಿಂತಿತ್ತು. ಅದರ ಜೊಲ್ಲು, ಬಿಸಿ ಉಸಿರು ತಾಗಿ ಚರ್ಮ ತೊಯ್ದಿತ್ತು. ರವಿ ಇನ್ನೂ ಕಣ್ಣು ಮುಚ್ಚಿಕೊಂಡೇ ಕುದುರೆಯ ಮೂತಿಯ ಪಕ್ಕದಲ್ಲಿ ಬಡಿಯುತ್ತಿದ್ದ.

ಕೋಮಲ ಲಗಾಮು ಬಿಡದೆ ಕೆಳಗೆ ಇಳಿದಳು. ಅವಳ ಅಂಗೈ ಸುಲಿದು ರಕ್ತ ಬಂದಿತ್ತು.

"ಸಾಕು ರವಿ, ನಿಲ್ಸಪ್ಪ."

"ನಿಲ್ಸುದ್ರ ಓಡ್ತದ ಅಕ್ಕ."

"ಓಡಲ್ಲ. ಬೋಸಿ ಹುಡುಕ್ತಾ ಅದ."

ಅವನು ಒಂದು ಕಣ್ಣು ತೆರೆದ. ಕುದುರೆಯ ಕಣ್ಣು ಅವನ ಮೂಗಿನ ಹತ್ತಿರದಲ್ಲೇ ಇತ್ತು. ಇಬ್ಬರೂ ನಡುಗುತ್ತಿದ್ದರು.

"ದೊಡ್ಡಪ್ಪ," ಅಂದ, ತುಟಿ ಅಲ್ಲಾಡಿಸದೆ, "ಯಾರಾದ್ರೂ ವಸಿ ಹುರುಳಿ ತನ್ನಿ. ಬೇಗ ತನ್ನಿ."